ಅಪ್ಪನ ನಿದ್ದೆ ಮತ್ತು ನನ್ನ ಎದೆಯ ದನಿ

ನನ್ನ ಹಾಡಿನ ಮೇಡಂಗೆ ನನ್ನ ಅರ್ಧ ವಯಸ್ಸು. ನಾನು ಅವರನ್ನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಆಂಟಿ ಅನ್ನುತ್ತಾರೆ. ಜೆ.ಪಿ. ನಗರದ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಕ್ಲಾಸು. ಸದ್ದು ಕೆಳಗಿಳಿಯಬಾರದೆಂದು ಗೋಡೆಗಳಿಗೆ ಹಳೆಯ ಹತ್ತಿ ಹಾಸಿಗೆಗಳನ್ನು ಒರಗಿಸಿದ್ದಾರೆ. ಮೊದಲ ಭಾನುವಾರ ನಾನು ಗಂಟಲು ಸರಿಮಾಡಿಕೊಂಡು ನಿಂತರೆ, ಅವರು ಹಾಡಿ ಎನ್ನಲೇ ಇಲ್ಲ.

“ಆಂಟಿ, ರೋಡಿನ ಆ ಕಡೆ ಖಾಲಿ ಆಟೋ ಹೋಗ್ತಾ ಇದೆ ಅಂದ್ಕೊಳ್ಳಿ. ಕರೀರಿ.”

“ಆಟೋ” ಅಂದೆ.

ನನ್ನ ಆಟೋ ಎದುರಿನ ಹಾಸಿಗೆಯವರೆಗೂ ಮುಟ್ಟಲಿಲ್ಲ. ಇನ್ನೊಂದ್ಸಲ ಅಂದರು, ಇನ್ನೊಂದು ಸಲ ಕರೆದೆ. ಮೇಡಂ ತಲೆ ವಾಲಿಸಿ ನನ್ನನ್ನೇ ನೋಡಿದರು.

“ದಿನಾ ಆಟೋ ಹೇಗೆ ನಿಲ್ಲಿಸ್ತೀರ ನೀವು?”

“ಕೈ ತೋರಿಸ್ತೀನಿ.”

“ಚಿಕ್ಕೋರಿದ್ದಾಗ ಆಟ ಆಡೋವಾಗ ಕಿರುಚ್ತಿರ್ಲಿಲ್ವಾ?”

“ಇಲ್ಲ. ಅಪ್ಪ ಮಲಗಿರ್ತಿದ್ರು.”

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಶಕ್ತಿ ನನಗೂ ಇರಲಿಲ್ಲ. ವಾರದಲ್ಲಿ ಆರು ದಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಗಾಜಿನ ಹಿಂದೆ ಕೂರುವವಳು ನಾನು. ಗಾಜಿನಲ್ಲಿ ಮಾತಿಗೆಂದು ಕೊರೆದ ಆರು ತೂತುಗಳಿವೆ. ಆಚೆಯವರು ಬಗ್ಗಿ, ಕಿವಿಯನ್ನೇ ತೂತಿಗಿಟ್ಟು, “ಏನಂದ್ರಿ ಮೇಡಂ?” ಅನ್ನುತ್ತಾರೆ. ನಾನು ದನಿಯನ್ನು ಇನ್ನಷ್ಟು ಮೇಲಕ್ಕೆಳೆದು, ಇನ್ನಷ್ಟು ತೆಳ್ಳಗೆ ಮಾಡಿ, ಅದನ್ನೇ ಮತ್ತೆ ಹೇಳುತ್ತೇನೆ. ಹದಿನೆಂಟು ವರ್ಷ ಹೀಗೆ ಮಾಡಿದ ಮೇಲೆ ಭಾನುವಾರವೂ ಬಾಯಿ ತೆರೆಯಬೇಕೆಂದರೆ ದವಡೆಯೇ ಬೇಡವೆನ್ನುತ್ತದೆ.

ಮೇಡಂ ನನ್ನ ಅಂಗೈಯನ್ನು ನನ್ನ ಎದೆಯ ಮೂಳೆಯ ಮೇಲೆ ಇಡಿಸಿ, ಬಾಯಿ ಮುಚ್ಚಿ ತಗ್ಗಿನ ಸ್ವರದಲ್ಲಿ ‘ಮ್’ ಎನ್ನಲು ಹೇಳಿದರು. ಮೂಳೆ ಗುಂಯ್ ಎಂದದ್ದು ಕೈಗೆ ತಿಳಿಯಿತು. ಅದು ಎದೆಯ ದನಿಯಂತೆ. ಸ್ವರ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದರು. ಐದನೆಯ ಮೆಟ್ಟಿಲಿಗೆ ಕೈಯಲ್ಲಿದ್ದ ಗುಂಯ್ ಹೋಗೇಬಿಟ್ಟಿತು. ದನಿ ಇತ್ತು, ಆದರೆ ಎಲ್ಲೋ ಹಣೆಯ ಹತ್ತಿರ ಎಳೆ ಎಳೆಯಾಗಿ ತೇಲುತ್ತಿತ್ತು. “ಇಲ್ಲೇ ನೋಡಿ ಆಂಟಿ, ನೀವು ಎದೆ ಬಿಟ್ಟು ತಲೆಗೆ ಹಾರ್ತೀರ. ಭಜನೆಗಾದ್ರೆ ನಡಿಯತ್ತೆ. ರಾಕ್‌ಗೆ ನಡಿಯಲ್ಲ” ಅಂದರು. ಎದೆಯ ಗುಂಯ್ ಅನ್ನು ಬಿಡದೆ ಮೇಲಿನ ಸ್ವರಕ್ಕೆ ಒಯ್ಯಬೇಕು, ಹಾಗಂತ ಗಂಟಲನ್ನು ಹಿಂಡಬಾರದು. ಹೇಳುವುದಕ್ಕೆ ಇಷ್ಟೇ.

ಅಪ್ಪ ಮಲಗಿದ್ದ ಕತೆ ಇದು. ನಾನು ಬೆಳೆದದ್ದು ಬನಶಂಕರಿಯ ಎರಡು ಕೋಣೆಯ ಮನೆಯಲ್ಲಿ. ಅಪ್ಪನಿಗೆ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಕೆಲಸ. ಆಳೆತ್ತರದ ಯಂತ್ರಗಳು ತಗಡಿನ ಮೇಲೆ ದಢ್ ದಢ್ ಎಂದು ಬಿದ್ದು ಅಚ್ಚು ಹೊಡೆಯುವ ಜಾಗ ಅದು. ವರ್ಷಾನುಗಟ್ಟಲೆ ಅವರು ಮಾಡಿದ್ದು ಹೆಚ್ಚಾಗಿ ನೈಟ್ ಶಿಫ್ಟೇ. ಬೆಳಿಗ್ಗೆ ಬಂದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತಿಂಡಿ ತಿಂದು ಒಂಬತ್ತಕ್ಕೆ ಮಲಗಿದರೆ ಏಳುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ನಮ್ಮ ಮನೆದೇವರು ವೀರಭದ್ರ ಎಂದು ಅಮ್ಮ ಹೇಳುತ್ತಿದ್ದಳು. ನನ್ನ ಪ್ರಕಾರ ಅಪ್ಪನ ನಿದ್ದೆಯೇ ನಮ್ಮ ಮನೆದೇವರು.

ಆ ದೇವರಿಗೆ ನಾವು ಮಾಡಿದ ಸೇವೆ ಅಷ್ಟಿಷ್ಟಲ್ಲ. ಅಮ್ಮ ಕುಕ್ಕರನ್ನು ಅಪ್ಪ ಬರುವ ಮೊದಲೇ ಕೂಗಿಸಿ ಮುಗಿಸುತ್ತಿದ್ದಳು. ಬಚ್ಚಲ ನಲ್ಲಿಗೆ ಒಂದು ದಾರ ಕಟ್ಟಿದ್ದಳು, ಹನಿ ತೊಟಕ್ಕೆನ್ನದೆ ದಾರ ಹಿಡಿದು ಇಳಿಯಲಿ ಅಂತ. ಸೊಪ್ಪಿನವಳು ಇಡೀ ಬೀದಿಯಲ್ಲಿ ಕೂಗಿಕೊಂಡು ಬಂದು ನಮ್ಮ ಗೇಟಿನ ಮುಂದೆ ಬಾಯಿ ಮುಚ್ಚುತ್ತಿದ್ದಳು, ನಮ್ಮನೆ ದಾಟಿದ ಮೇಲೆ ಮತ್ತೆ ಶುರು. ರಜಾದಿನಗಳಲ್ಲಿ ನಾನೂ ಅಮ್ಮನೂ ಪಿಸುಮಾತಲ್ಲೇ ಜಗಳವಾಡುತ್ತಿದ್ದೆವು, ಪಿಸುಮಾತಲ್ಲೇ ಮಗ್ಗಿ ಒಪ್ಪಿಸುತ್ತಿದ್ದೆ. ಗೆಳತಿಯರು ಒಮ್ಮೆ ಬಂದವರು ಎರಡನೆಯ ಸಲ ಬರಲಿಲ್ಲ.

ಅಪ್ಪ ಕೋಪಿಷ್ಠರೇನಲ್ಲ. ಒಂದು ದಿನ ನಾನು ಯಾವುದಕ್ಕೋ ಜೋರಾಗಿ ನಕ್ಕುಬಿಟ್ಟೆ. ನನಗಾಗ ಒಂಬತ್ತು ವರ್ಷ. ಅಪ್ಪ ಎದ್ದು ಬಂದರು. ಬೈಯಲಿಲ್ಲ. ಕೆಂಪು ಕಣ್ಣಿನಲ್ಲೇ ನೀರು ಕುಡಿದು, ಮೆಟ್ಟಿಲ ಮೇಲೆ ಕೂತು, ಮತ್ತೆ ನಿದ್ದೆ ಬಾರದೆ ಹಾಗೇ ಶಿಫ್ಟಿಗೆ ಹೋದರು. ಅವರು ಹೋದ ಮೇಲೆ ಅಮ್ಮ ನನ್ನ ರಟ್ಟೆ ಹಿಡಿದು, “ನಿದ್ದೆಗೆಟ್ಟೋರು ಪ್ರೆಸ್ ಮುಂದೆ ನಿಂತ್ರೆ ಕೈ ಹೋಗತ್ತೆ ಕಣೇ” ಅಂದಳು. ಅಪ್ಪನ ಜೊತೆಯವರಲ್ಲಿ ಬೆರಳು ಕಳೆದುಕೊಂಡವರನ್ನು ನಾನು ನೋಡಿದ್ದೆ. ಆ ರಾತ್ರಿ ನಾನು ಅಳುತ್ತಲೇ ನಿದ್ದೆಹೋದೆ. ಆಮೇಲೆ ಆ ಮನೆಯಲ್ಲಿ ಜೋರಾಗಿ ನಗಲಿಲ್ಲ. ಅಪ್ಪ ಹತ್ತೂ ಬೆರಳು ಇಟ್ಟುಕೊಂಡು ರಿಟೈರ್ ಆದರು.

ಹೈಸ್ಕೂಲಿನಲ್ಲಿದ್ದಾಗ ಚಿಕ್ಕಮ್ಮ ಒಂದು ವಾಕ್‌ಮನ್ ಕೊಟ್ಟಳು. ಯಾರ್ಯಾರಿಂದಲೋ ರಾಕ್ ಕ್ಯಾಸೆಟ್ಟುಗಳನ್ನು ಕಡ ತಂದು ಕೇಳುತ್ತಿದ್ದೆ. ಕಿವಿಯೊಳಗೆ ಊರಿಗೆ ಊರೇ ಬಡಿದಾಡುತ್ತಿತ್ತು. ನಾನು ಗೋಡೆಗೊರಗಿ, ಆ ಕೂಗಿಗೆಲ್ಲ ತುಟಿ ಮಾತ್ರ ಕೂಡಿಸುತ್ತಿದ್ದೆ. ನೂರಾರು ಹಾಡು ಹೀಗೆ ಬಾಯಿಪಾಠವಾದವು. ಒಂದನ್ನೂ ದನಿ ತೆಗೆದು ಹಾಡಲಿಲ್ಲ.

ಈಗ ನಾನೂ ಅಪ್ಪನೂ ಪುಟ್ಟೇನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಅಮ್ಮ ಹೋಗಿ ಆರು ವರ್ಷವಾಯಿತು. ನಾನು ಮದುವೆಯಾಗಲಿಲ್ಲ, ಅದರ ಬಗ್ಗೆ ಮಾತಾಡಿ ಎಲ್ಲರಿಗೂ ಸಾಕಾಗಿದೆ. ಅಪ್ಪನಿಗೆ ಎಪ್ಪತ್ತೊಂಬತ್ತು. ಅಷ್ಟು ಜೋಪಾನ ಮಾಡಿ ನಾವು ಕಾಪಾಡಿದ ಕಿವಿಯನ್ನು ಆ ಪ್ರೆಸ್ಸುಗಳು ದಿನವೂ ಸ್ವಲ್ಪ ಸ್ವಲ್ಪ ತಿಂದು ಹಾಕಿದ್ದವು ಎಂದು ಗೊತ್ತಾಗುವಷ್ಟರಲ್ಲಿ ತಿನ್ನಲು ಹೆಚ್ಚೇನೂ ಉಳಿದಿರಲಿಲ್ಲ.

ನಾನು ಊಟಕ್ಕೆ ಕರೆದರೆ ಅವರಿಗೆ ಕೇಳಿಸುವುದಿಲ್ಲ. ನಾನು ಇನ್ನೂ ಮೇಲಿನ ದನಿಯಲ್ಲಿ, ಕೌಂಟರಿನ ದನಿಯಲ್ಲಿ, “ಅಪ್ಪಾ, ಊಟ!” ಅನ್ನುತ್ತೇನೆ. ಆಗಲೂ ಕೇಳಿಸುವುದಿಲ್ಲ. ಆದರೆ ನೆಲಮಹಡಿಯ ಅಂಕಲ್, ನಿವೃತ್ತ ಬ್ಯಾಂಕ್ ಅಧಿಕಾರಿ, ಬಾಗಿಲಲ್ಲಿ ನಿಂತು ತಮ್ಮ ದಪ್ಪ ದನಿಯಲ್ಲಿ “ಏನ್ ಸಾರ್, ಆರಾಮಾ?” ಎಂದರೆ ಅಪ್ಪ ಒಳಗಿನಿಂದಲೇ “ಆರಾಮು, ಬನ್ನಿ ಬನ್ನಿ” ಅನ್ನುತ್ತಾರೆ. ಮೇಲಾಗಿ ನನಗೊಂದು ಮಾತು: “ಅವ್ರು ಎಷ್ಟು ಬಿಡಿಸಿ ಮಾತಾಡ್ತಾರೆ ನೋಡು. ನೀನು ಮುಣಮುಣ ಅಂತೀಯ.” ಇಡೀ ದಿನ ಕೂಗಿ ಬಂದವಳಿಗೆ ಇದನ್ನು ಕೇಳಿದರೆ ಹೇಗಾಗಬೇಕು? ಸಾರಿನ ಸೌಟನ್ನು ಪಾತ್ರೆಗೆ ಜೋರಾಗಿ ಕುಕ್ಕುತ್ತಿದ್ದೆ. ಅದೂ ಅವರಿಗೆ ಕೇಳಿಸುತ್ತಿರಲಿಲ್ಲ.

ಕಿವಿ ಪರೀಕ್ಷೆ ಮಾಡಿದ ತಜ್ಞರು ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದರು. ಎಡಗಡೆ ನೆಟ್ಟಗಿದ್ದು ಬಲಗಡೆ ದಡಾರನೆ ಬಿದ್ದ ಗೆರೆ. ಕಾರ್ಖಾನೆಯಲ್ಲಿ ದುಡಿದವರಿಗೆ ಮೇಲಿನ ಸ್ವರ ಮೊದಲು ಹೋಗುತ್ತದಂತೆ. ಹಕ್ಕಿ, ಕುಕ್ಕರು, ಫೋನಿನ ಗಂಟೆ, ಹೆಂಗಸರ ಮಾತು. “ನೀವು ದನಿ ಏರಿಸಿದಷ್ಟೂ ಅವರಿಗೆ ಕೇಳಿಸದೇ ಇರೋ ಜಾಗಕ್ಕೇ ಹೋಗ್ತೀರ ಮೇಡಂ. ತಗ್ಗಿಸಿ, ತುಂಬಿಸಿ ಮಾತಾಡಿ. ಉಳಿದಿರೋದೂ ತುಂಬಾ ದಿನ ಇರಲ್ಲ” ಎಂದರು. ಕಿವಿಗಿಡುವ ಯಂತ್ರವನ್ನೂ ಕೊಡಿಸಿದೆ. ತಲೆಯೊಳಗೆ ಸ್ಟೀಲ್ ಪಾತ್ರೆ ಉರುಳಿದ ಹಾಗಾಗುತ್ತದೆಂದು ಅಪ್ಪ ಅದನ್ನು ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟು, ನೆಂಟರು ಬಂದಾಗ ಮಾತ್ರ ಹಾಕುತ್ತಾರೆ.

ಆ ಪರೀಕ್ಷೆಯ ಮಾರನೆಯ ದಿನ ಕೆಲಸ ಮುಗಿಸಿ ಬರುವ ಬಸ್ಸಿನಲ್ಲಿ ನನಗೆ ಒಂದೇ ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಅಪ್ಪ ನಾನು ಹಾಡಿದ್ದನ್ನು ಒಂದು ದಿನವೂ ಕೇಳಿಲ್ಲ. ನಲವತ್ತೇಳು ವರ್ಷದಲ್ಲಿ ಒಂದು ಸಾಲೂ ಇಲ್ಲ. ಇನ್ನು ಉಳಿದಿರುವುದು ಎದೆಯ ದನಿ ಮುಟ್ಟುವಷ್ಟು ಕಿವಿ, ಅದೂ ಕೆಲವು ದಿನಕ್ಕೆ. ಅದು ಮುಚ್ಚುವ ಮೊದಲು ಒಂದೇ ಒಂದು ಹಾಡು ಅವರಿಗೆ ಕೇಳಿಸಬೇಕು ಅನ್ನಿಸಿತು. ಪಕ್ಕದಲ್ಲಿದ್ದವರು ಕಿಟಕಿ ಕಡೆ ತಿರುಗಿಕೊಳ್ಳುವಷ್ಟು ಅತ್ತೆ.

ಹಾಡು ಆಗಲೇ ಕಾದಿತ್ತು. ನೆಲಮಹಡಿಯ ಅಂಕಲ್ ಗಿಟಾರ್ ನುಡಿಸುತ್ತಾರೆ, ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರು ಡ್ರಮ್ಸ್ ಬಾರಿಸುತ್ತಾರೆ. ಗಣೇಶನ ಹಬ್ಬದ ಅಂತ್ಯಾಕ್ಷರಿಯಲ್ಲಿ ನನಗೆ ಅಷ್ಟು ರಾಕ್ ಹಾಡುಗಳ ಸಾಹಿತ್ಯ ಬರುತ್ತದೆಂದು ಗೊತ್ತಾದಾಗಿನಿಂದ ಇಬ್ಬರೂ ನನ್ನ ಬೆನ್ನು ಬಿದ್ದಿದ್ದರು. ಅಂಕಲ್ ಅವರೇ ಒಂದು ಕನ್ನಡ ರಾಕ್ ಹಾಡು ಬರೆದು ರಾಗ ಹಾಕಿದ್ದರು. ಅದರ ಪಲ್ಲವಿ ‘ಬಾಗಿಲು ತೆಗೆಯೋ’ ಅಂತ. ಮೂರು ಸಲ ಬರುತ್ತದೆ, ಒಂದಕ್ಕಿಂತ ಒಂದು ಮೇಲೆ. ಮೂರನೆಯದನ್ನು ಎದೆಯಿಂದ ಎತ್ತಿ ಎಸೆದ ಹಾಗೆ ಹಾಡಿ ಹಿಡಿಯಬೇಕು. ರಾಜ್ಯೋತ್ಸವಕ್ಕೆ ಹಾಡೋಣ ಎಂದು ಅವರು ಕೇಳಿದ್ದಕ್ಕೆ ನಾನು ಹೂಂ ಎಂದೆ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದು ಆಗಲೇ ಲೆಕ್ಕ ಹಾಕಿದ್ದೆ.

ಹಾಗೆ ಫೆಬ್ರವರಿಯಲ್ಲಿ ಮೇಡಂ ಕ್ಲಾಸಿಗೆ ಸೇರಿದ್ದು. ದಿನವೂ ಕೆಲಸದಿಂದ ಬಂದು, ಒಳಗಿರುವ ಅಪ್ಪನಿಗೆ ಕಾಣದ ಹಾಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು, ಎದೆಯ ಮೇಲೆ ಕೈಯಿಟ್ಟು, ‘ಮ್’, ‘ಮಾ’, ‘ಬಾ’, ‘ಹೇಯ್’. ಮೆಟ್ಟಿಲು ಹತ್ತುವುದು, ಐದನೆಯದರಲ್ಲಿ ಜಾರುವುದು, ಮತ್ತೆ ಕೆಳಗಿನಿಂದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವುದು ನನ್ನಂಥವರನ್ನು ನೋಡಿಯೇ. ಕಾಲು ಊದಿಕೊಂಡಿರುತ್ತಿತ್ತು, ಅಕ್ಕಿ ತೊಳೆಯಬೇಕಿರುತ್ತಿತ್ತು. ಎರಡು ತಿಂಗಳಾದರೂ ನನ್ನ ‘ಹೇಯ್’ಗೆ ಒಂದು ಬೆಕ್ಕೂ ತಿರುಗಿ ನೋಡುವಂತಿರಲಿಲ್ಲ. ಬಿಟ್ಟುಬಿಡೋಣ ಎಂದು ವಾರಕ್ಕೊಮ್ಮೆ ತೀರ್ಮಾನಿಸುತ್ತಿದ್ದೆ. ಭಾನುವಾರ ಬಂದರೆ ಕಾಲು ತಾನೇ ಜೆ.ಪಿ. ನಗರದ ಕಡೆ ಹೊರಡುತ್ತಿತ್ತು.

ಏಪ್ರಿಲಿನಲ್ಲಿ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅಪ್ಪನ ಜೊತೆ ಆಡುವ ಮಾತನ್ನೇ ಅಭ್ಯಾಸ ಮಾಡಿಕೊಂಡರೆ ಒಂದೇ ಏಟಿಗೆ ಎರಡು ಹಕ್ಕಿ. “ಅಪ್ಪಾ ಮಾತ್ರೆ! ಅಪ್ಪಾ ಸ್ನಾನ! ಅಪ್ಪಾ, ಗೀಸರ್ ಆಫ್ ಮಾಡಿ!” ಮೇಡಂ ಹೇಳಿದ ಉಸಿರು, ಸಡಿಲ ದವಡೆ, ಎಲ್ಲವನ್ನೂ ಬಿಟ್ಟು ಬರೀ ಕೂಗಿದೆ. ಅದು ಎದೆಯಿಂದ ಬಂದದ್ದಲ್ಲ, ಸಿಟ್ಟಿನಿಂದ ಬಂದದ್ದು. ಹಗಲೆಲ್ಲ ಗಾಜಿನ ತೂತು, ಸಂಜೆಯೆಲ್ಲ ಅಪ್ಪ. ಕೋಣನ ಮುಂದೆ ಕಿನ್ನರಿ ಎಂಬ ಗಾದೆ ನಾಲಿಗೆ ತುದಿಗೆ ಬರುತ್ತಿತ್ತು, ಹೆತ್ತ ಅಪ್ಪ ಎಂದು ನುಂಗಿಕೊಳ್ಳುತ್ತಿದ್ದೆ. ಹತ್ತು ದಿನ ಆಗುವಷ್ಟರಲ್ಲಿ ಗಂಟಲು ಕಟ್ಟಿತು. ಒಂದು ಬೆಳಿಗ್ಗೆ ಕೌಂಟರಿನಲ್ಲಿ ಬಾಯಿ ತೆರೆದರೆ ಬರೀ ಗಾಳಿ.

ನಮ್ಮ ಆಸ್ಪತ್ರೆಯ ಗಂಟಲಿನ ಡಾಕ್ಟರೇ ನೋಡಿದರು. “ಹತ್ತು ದಿನ ಮಾತು ಬಂದ್. ಪಿಸುಮಾತೂ ಬೇಡ. ಅದು ಗಂಟಲಿಗೆ ಇನ್ನೂ ಆಯಾಸ” ಎಂದರು. ಜೀವಮಾನವಿಡೀ ಪಿಸುಗುಟ್ಟಿದವಳಿಗೆ ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೇ? ಮೇಡಂ ಮಾತ್ರ ಫೋನಿನಲ್ಲಿ ನೇರವಾಗಿ ಬೈದರು: “ನಾನು ಕೂಗಿ ಅಂದೆ ಆಂಟಿ, ಕಿತ್ತಾಡಿ ಅನ್ಲಿಲ್ಲ.”

ಕಿವಿ ಕೇಳದ ಅಪ್ಪ, ದನಿ ಇಲ್ಲದ ಮಗಳು. ಮೊದಲ ದಿನ ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಅಪ್ಪ ಕನ್ನಡಕ ಹುಡುಕುವಷ್ಟರಲ್ಲಿ ಸಾರು ಆರಿತು. ಎರಡನೆಯ ದಿನ ಅವರು ನನ್ನ ಕೈಯಿಂದ ಪೆನ್ನು ಕಿತ್ತಿಟ್ಟು, ತಮ್ಮ ಹೆಬ್ಬೆರಳನ್ನು ಕೆಳತುಟಿಗೆ ತಗುಲಿಸಿದರು. ನನಗೆ ತಿಳಿಯಲಿಲ್ಲ. “ಟೀ” ಎಂದು ನಕ್ಕರು. “ಪ್ರೆಸ್ ಶಾಪಲ್ಲಿ ಮಾತೇ ಕೇಳಿಸ್ತಿರ್ಲಿಲ್ಲ ಕಣಮ್ಮ. ಎಲ್ಲಾ ಕೈಯಲ್ಲೇ.” ಅಂಗೈ ಅಡ್ಡ ಬೀಸಿದರೆ ನಿಲ್ಲಿಸು. ಹೆಗಲಿನ ಮೇಲೆ ಎರಡು ಬೆರಳಿಟ್ಟರೆ ಫೋರ್‌ಮನ್ ಬರುತ್ತಿದ್ದಾನೆ. ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ಒಂದು ಸುತ್ತು ಹಾಕಿದರೆ ಇನ್ನೊಂದು ಹೊಡೆ, ಮತ್ತೆ ಓಡಿಸು ಎಂದು ಅರ್ಥ.

ಆ ಹತ್ತು ದಿನ ಅಪ್ಪ ಮಾತಾಡಿದಷ್ಟು ನನ್ನ ಬಾಲ್ಯದಲ್ಲೆಲ್ಲ ಸೇರಿಸಿದರೂ ಮಾತಾಡಿರಲಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕಾರಿಡಾರಿನಲ್ಲಿ ಕಂಡರೆ ಹೆಗಲಿನ ಮೇಲೆ ಎರಡು ಬೆರಳಿಟ್ಟು ನನ್ನನ್ನು ನಗಿಸುತ್ತಿದ್ದರು. ಇನ್ನೊಂದು ತುತ್ತು ಅನ್ನ ಬೇಕಾದರೆ ತಟ್ಟೆಯ ಮೇಲೆ ತೋರುಬೆರಳಿನ ಸುತ್ತು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಮೆಷಿನ್ ಓಡುತ್ತಿದ್ದಾಗ ಬಾಲ್ಕನಿಗೆ ಬಂದು, ಅದರ ಮೈ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತರು. “ಬೇರಿಂಗ್ ಹೋಗ್ತಾ ಇದೆ. ಜೋರಾಗಿ ತಿರುಗೋ ಹೊತ್ನಲ್ಲಿ ಹಿಡಿತ ಬಿಡ್ತಾ ಇದೆ” ಎಂದರು. ನನಗೆ ಎಂದಿನ ಸದ್ದೇ ಕೇಳಿಸುತ್ತಿತ್ತು. ಸರ್ವಿಸಿನವರನ್ನು ಕರೆಸಿದರೆ ಅವರು ಅರ್ಧ ಗಂಟೆ ಬಿಚ್ಚಿ ನೋಡಿ ಅದನ್ನೇ ಹೇಳಿದರು. “ಅಲ್ಲಿ ಕಿವಿ ನಂಬೋಕಾಗ್ತಿರ್ಲಿಲ್ಲ. ಮೆಷಿನ್ ಮೈಮೇಲೆ ಕೈ ಇಟ್ರೆ ಅದು ಸುಳ್ಳು ಹೇಳಲ್ಲ” ಎಂದು ಅಪ್ಪ ತಮ್ಮ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

ದನಿ ಬಂದ ಮೇಲೆ ಮೇಡಂ ನನ್ನನ್ನು ಮೊದಲ ಮೆಟ್ಟಿಲಿನಿಂದ ಶುರು ಮಾಡಿಸಿದರು. ಈ ಸಲ ನಾನು ಗಂಟಲಿಗೆ ಹೆದರಿದ್ದೆ, ಆ ಹೆದರಿಕೆಯಿಂದ ಒಳ್ಳೆಯದೇ ಆಯಿತು. ಹೊಟ್ಟೆಯಲ್ಲಿ ಉಸಿರು ತುಂಬುವುದು, ದವಡೆ ಇಳಿಬಿಡುವುದು, ಮಾತಾಡಿದ ಹಾಗೆಯೇ ಸ್ವರಕ್ಕೆ ಕಾಲಿಡುವುದು. ಜೂನಿನಲ್ಲಿ ಐದನೆಯ ಮೆಟ್ಟಿಲು ದಕ್ಕಿತು. ಆಗಸ್ಟಿನಲ್ಲಿ ಆರನೆಯದು. ಅಪ್ಪನಿಗೆ “ಮಾತ್ರೆ ತಗೊಂಡ್ರಾ?” ಎಂದು ತಗ್ಗಿನಲ್ಲಿ ಕೇಳಿದರೆ ಹತ್ತಕ್ಕೆ ಆರು ಸಲ “ಹ್ಞೂಂ” ಎಂಬ ಉತ್ತರ ಬರತೊಡಗಿತು. ಮೊದಲ ಸಲ ಬಂದಾಗ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಕೊಂಡೆ. ಎಷ್ಟು ಸಣ್ಣ ವಿಷಯಕ್ಕೆ ಎಷ್ಟು ದುಡಿಯಬೇಕಾಯಿತು ಎಂದು ಖುಷಿಗಿಂತ ಸುಸ್ತೇ ಹೆಚ್ಚಾಯಿತು.

ಮೂರನೆಯ ‘ತೆಗೆಯೋ’ ಮಾತ್ರ ಒಲಿಯಲಿಲ್ಲ. ಅದು ಏಳನೆಯ ಮೆಟ್ಟಿಲಿನಲ್ಲಿತ್ತು. ಹತ್ತಿರ ಹೋಗುವವರೆಗೂ ಎದೆ ಜೊತೆಗಿರುತ್ತಿತ್ತು, ಇನ್ನೇನು ಎನ್ನುವಾಗ ತಲೆಗೆ ಹಾರುತ್ತಿತ್ತು. “ಅಲ್ಲಿ ನೀವು ಯಾರಿಗೋ ತೊಂದ್ರೆ ಆಗತ್ತೆ ಅನ್ನೋ ಥರ ಹಿಂದೆ ಸರೀತೀರ ಆಂಟಿ” ಎಂದರು ಮೇಡಂ. ಒಂದು ಸ್ವರ ಇಳಿಸಿ ಹಾಡೋಣವೇ ಎಂದು ಅಂಕಲ್ ಕೇಳಿದರು. ನಾನು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಇಷ್ಟಾದರೂ ಹಟ ಉಳಿದಿದೆಯಲ್ಲ ಎಂದು ನನಗೇ ಆಶ್ಚರ್ಯ.

ರಾಜ್ಯೋತ್ಸವದ ಕಾರ್ಯಕ್ರಮ ಒಂದು ಶನಿವಾರ ಸಂಜೆ ಐದಕ್ಕೆ, ಕಾರುಗಳನ್ನು ಹೊರಗೆ ಕಳಿಸಿ ಖಾಲಿ ಮಾಡಿದ ಪಾರ್ಕಿಂಗ್‌ನಲ್ಲಿ. ಅಪ್ಪ ಇಸ್ತ್ರಿ ಪಂಚೆ ಉಟ್ಟು, ವಿಭೂತಿ ಹಚ್ಚಿ, ಕಿವಿಯ ಯಂತ್ರವನ್ನೂ ಹಾಕಿಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ನಾನು ಹಾಡುತ್ತೇನೆಂದು ಅವರಿಗೆ ಹೇಳಿರಲಿಲ್ಲ. ಅಲ್ಲೇ ಕೇಳಲಿ ಎಂಬ ಆಸೆ. ಅವರ ಕುರ್ಚಿಯ ಎದುರಿಗೇ ಆಳುದ್ದದ ಸ್ಪೀಕರ್ ಇಟ್ಟಿದ್ದರು, ಚೆನ್ನಾಗಿ ಕೇಳಿಸಲಿ ಎಂದು ನಾನೇ ಹೇಳಿ ಇಡಿಸಿದ್ದು.

ಡ್ರಮ್ಸ್ ಶುರುವಾಯಿತು, ಗಿಟಾರ್ ಸೇರಿತು. ಮೊದಲ ಚರಣ ಕಳೆದು ಪಲ್ಲವಿಗೆ ಬಂದೆ. ಮೊದಲ ‘ಬಾಗಿಲು ತೆಗೆಯೋ’ ಎದೆಯಿಂದ ಬಂತು. ಎರಡನೆಯದೂ ಬಂತು. ಅಷ್ಟರಲ್ಲಿ ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. ಮುಖ ಕಿವುಚಿದರು. ಕಿವಿಯ ಯಂತ್ರವನ್ನು ಕಿತ್ತು ಜೇಬಿಗೆ ಹಾಕಿ, ಕುರ್ಚಿ ಹಿಡಿದು ಎದ್ದು, ಜನರ ಮಧ್ಯೆ ದಾರಿ ಮಾಡಿಕೊಂಡು ಲಿಫ್ಟಿನ ಕಡೆ ನಡೆದರು. ಮೂರನೆಯ ‘ತೆಗೆಯೋ’ ನನ್ನ ತಲೆಯಲ್ಲೆಲ್ಲೋ ತೆಳ್ಳಗೆ ಹೊರಟು ಸ್ಪೀಕರಿನಲ್ಲಿ ದೊಡ್ಡದಾಯಿತು. ಯಾರಿಗೂ ಗೊತ್ತಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಮೇಡಂ ಹಿಂದಿನ ಸಾಲಿನಿಂದ ಶಿಳ್ಳೆ ಹಾಕಿದರು. ನಾನು ಉಳಿದ ಹಾಡನ್ನು ಹೇಗೋ ಮುಗಿಸಿದೆ.

ಮನೆಗೆ ಹೋದಾಗ ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. “ತಲೆ ಒಳಗೆ ಪ್ರೆಸ್ ಬಿದ್ದ ಹಾಗಾಯ್ತಮ್ಮ. ಬರೀ ಸದ್ದು. ಒಂದೂ ಬಿಡಿಸಿ ಕೇಳಿಸ್ಲಿಲ್ಲ” ಎಂದರು. ಆಮೇಲೆ, “ನೀನ್ಯಾಕೆ ಸ್ಟೇಜ್ ಮೇಲೆ ನಿಂತಿದ್ದೆ? ನಾಟಕನಾ?” ಎಂದು ಕೇಳಿದರು.

ಒಂಬತ್ತು ತಿಂಗಳು. ಅಷ್ಟೂ ಭಾನುವಾರ. ಕಟ್ಟಿದ ಗಂಟಲು, ಊದಿದ ಕಾಲು. ಸ್ಪೀಕರನ್ನು ಅಲ್ಲಿ ಇಡಿಸಿದವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ. ಮುಖ ತೊಳೆದು ಮಲಗಿಬಿಟ್ಟೆ.

ಮಾರನೆಯ ಬೆಳಿಗ್ಗೆ ಮಂಚದ ಮೇಲೆ ಕೂತಿದ್ದ ಅವರ ಮುಂದೆ ಕಾಫಿ ಲೋಟವಿಟ್ಟು ತಿರುಗಿದೆ. ಅಪ್ಪ ನನ್ನ ಮುಂಗೈ ಹಿಡಿದುಕೊಂಡರು. ನೆಲಮಹಡಿಯ ಅಂಕಲ್ ಬೆಳಿಗ್ಗೆ ವಾಕಿಂಗಿನಲ್ಲಿ ಸಿಕ್ಕಿ, ಮಗಳು ಸಖತ್ತಾಗಿ ಹಾಡಿದಳು ಎಂದು ಹೇಳಿದ್ದರಂತೆ.

“ನೀನು ಹಾಡ್ತೀಯಾ?” ಎಂದರು ಅಪ್ಪ. ಯಾರದೋ ಮಗಳ ಬಗ್ಗೆ ಕೇಳಿದ ಹಾಗೆ ಕೇಳಿದರು.

ಹೂಂ ಎಂದು ತಲೆಯಾಡಿಸಿದೆ.

“ಎಲ್ಲಿ, ಹಾಡು.”

ನನಗೆ ಬೇಡವಾಗಿತ್ತು. ಮೈಯೆಲ್ಲ ನೋವು, ಒಲೆಯ ಮೇಲೆ ಹಾಲು. ಆದರೂ ಹಾಲಿನ ಉರಿ ಆರಿಸಿ ಬಂದು, ಅವರ ಎದುರು ನಿಂತು, ಮೈಕಿಲ್ಲದೆ, ತಗ್ಗಿನಲ್ಲಿ ಶುರುಮಾಡಿದೆ. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು. ಅರ್ಧ ಸಾಲಿಗೆ ಬೇಸರದಿಂದ ಅಂಗೈ ಅಡ್ಡ ಬೀಸಿದರು. ನಿಲ್ಲಿಸು. ಮುಗಿಯಿತು ಎಂದುಕೊಂಡೆ.

“ತಿರುಗು” ಎಂದರು.

ತಿರುಗಿ ಬೆನ್ನು ಕೊಟ್ಟೆ. ಹಾಗೆಯೇ ಮಂಚದ ತುದಿಯಲ್ಲಿ ಕೂರಿಸಿದರು. ಎರಡು ಹೆಗಲಿನ ಮೂಳೆಗಳ ಮಧ್ಯೆ ಅವರ ಅಂಗೈ ಬಂದು ಕೂತಿತು. ದೊಡ್ಡ ಕೈ, ಒರಟು ಚರ್ಮ, ಐದೂ ಬೆರಳು ಬೇರೆ ಬೇರೆಯಾಗಿ ತಿಳಿಯುತ್ತಿದ್ದವು. “ಹ್ಞಾ, ಈಗ ಓಡ್ಸು” ಎಂದರು.

ಹಾಡಿದೆ. ಕಿಟಕಿ ತೆರೆದೇ ಇತ್ತು. ಚರಣ ಮುಗಿಸಿ ಪಲ್ಲವಿಗೆ ಬಂದು, ಮೂರು ಸಲ ‘ಬಾಗಿಲು ತೆಗೆಯೋ’ ಎಂದು ನಿಲ್ಲಿಸಿದೆ.

“ಮೊದ್ಲು ಎರಡು ಸಲ ಚೆನ್ನಾಗಿ ಬಂತು. ತುಂಬಿಕೊಂಡು ಬಂತು. ಮೂರನೇದು ಕೈಗೆ ಸಿಗ್ಲಿಲ್ಲ. ಅಲ್ಲಿ ಹಿಡಿತ ಬಿಟ್ಬಿಡ್ತೀಯ ನೀನು.”

ನನ್ನ ಕಣ್ಣಲ್ಲಿ ನೀರು ಬಂತು. ಒಂಬತ್ತು ತಿಂಗಳಿಂದ ಮೇಡಂ ಕೀಬೋರ್ಡಿನ ಮುಂದೆ ಕೂತು ಹೇಳಿದ್ದೂ ಇದೇ ಮಾತು. ಅಪ್ಪ ಕೇಳಿದ್ದರು. ನನ್ನ ಹಾಡನ್ನು, ಅದರ ತಪ್ಪಿನ ಸಮೇತ, ಕೇಳಿದ್ದರು.

ಮತ್ತೆ ಹಾಡಿದೆ. ಮೂರನೆಯ ‘ತೆಗೆಯೋ’ ಬರುತ್ತಿದ್ದ ಹಾಗೆ ಅಂಗೈ ಬೆನ್ನಿಗೆ ಇನ್ನಷ್ಟು ಒತ್ತಿತು. ನಾನು ಹಿಂದೆ ಸರಿಯಲಿಲ್ಲ. ದನಿಯ ಅಂಚು ಸ್ವಲ್ಪ ಒಡೆಯಿತು, ಆದರೆ ಎದೆ ಬಿಡಲಿಲ್ಲ. ಎಲ್ಲೋ ಒಂದು ಮನೆಯ ಬಾಲ್ಕನಿ ಬಾಗಿಲು ತೆರೆದ ಸದ್ದಾಯಿತು. ನನ್ನ ಜೀವಮಾನದಲ್ಲಿ ನಾನು ಮನೆಯೊಳಗೆ ಮಾಡಿದ ಅತಿ ದೊಡ್ಡ ಸದ್ದು ಅದು.

“ಇದು!” ಎಂದರು ಅಪ್ಪ. ಆಮೇಲೆ ನಿಧಾನವಾಗಿ, “ಇಷ್ಟು ವರ್ಷ ಯಾಕಮ್ಮ ಹಾಡ್ಲಿಲ್ಲ?” ಎಂದು ಕೇಳಿದರು.

ತಿರುಗದೆ, ಬೆನ್ನಿನ ಮೇಲೆ ಆ ಕೈ ಇರುವಾಗಲೇ, ಕೋಪವಿಲ್ಲದೆ, ಎದೆಯಿಂದ ಹೇಳಿದೆ. “ನೀವು ಮಲಗಿದ್ರಿ, ಅಪ್ಪ.”

ಕೇಳಿಸಿತು. ಬೆನ್ನಿನ ಮೇಲಿದ್ದ ಬೆರಳುಗಳು ಒಮ್ಮೆ ಮಡಚಿ ಮತ್ತೆ ಹರಡಿಕೊಂಡದ್ದರಿಂದ ಕೇಳಿಸಿತೆಂದು ಗೊತ್ತಾಯಿತು. ಅಂಗೈಯನ್ನು ಅವರು ತೆಗೆಯಲಿಲ್ಲ. ಆಮೇಲೆ ಅವರ ಇನ್ನೊಂದು ಕೈ ನನ್ನ ಹೆಗಲಿನ ಪಕ್ಕದಿಂದ ಮುಂದಕ್ಕೆ ಬಂತು. ತೋರುಬೆರಳು ಎದ್ದು ಗಾಳಿಯಲ್ಲಿ ಒಂದು ಸುತ್ತು ಹಾಕಿತು.